ಹುಣ್ಣಿಮೆಯ ರಜೆ

ಬೂಸಾನಿನ ಮೀನುಕಟ್ಟೆಗೆ ರಾತ್ರಿ ಹತ್ತಕ್ಕೆ ಹಗಲು.
ಸಾಲುದೀಪದ ಕೆಳಗೆ ಬಂಗುಡೆಯ ರಾಶಿ,
ಕಡಲನ್ನಿನ್ನೂ ಮರೆಯದ ನೀಲಿ ಬೆನ್ನುಗಳು.
ತಗ್ಗು ಮಣೆಯ ಮೇಲೆ ಕೂತ ಕುತ್‌ಸುನ್
ದೊಡ್ಡದು, ನಡುವಿನದು, ಸಣ್ಣದು, ಬೆಕ್ಕಿನ ಪಾಲಿನದು ಎಂದು
ಕೈಯಳತೆಯಲ್ಲೇ ಬೇರೆ ಮಾಡುತ್ತಾಳೆ,
ಮೂವತ್ತೊಂದು ವರ್ಷದಿಂದ.

ಕುತ್‌ಸುನ್ ಅಂದರೆ ಕೊನೆಯವಳು.
ಐದನೆಯದೂ ಹೆಣ್ಣಾಯಿತೆಂದು ಇಟ್ಟ ಹೆಸರು.
ನಮ್ಮ ಕಡೆ ಹುಟ್ಟಿದ್ದರೆ ಸಾಕಮ್ಮ ಅನ್ನುತ್ತಿದ್ದರು.

ಎರಡಕ್ಕೆ ಕೈ ನಿಲ್ಲುತ್ತದೆ.
ಮೀನಿನ ಡಬ್ಬಿ ಬೋರಲು ಹಾಕಿ
ಏಳು ಹೆಂಗಸರು ಸುತ್ತ ಕೂರುತ್ತಾರೆ.
ಒಂದೇ ಪಾತ್ರೆಯಲ್ಲಿ ಕುದಿವ ರಾಮ್ಯನ್,
ಕೆಂಪು ಸಾರಿಗೆ ಒಡೆದು ಬಿಟ್ಟ ಮೊಟ್ಟೆ,
ಯಾರ ಮನೆಯದೋ ಹುಳಿ ಬಂದ ಕಿಮ್ಚಿ,
ಯಾರ ಸೊಸೆಯ ಮೇಲೋ ದೂರು.
ಇಡೀ ದಿನದಲ್ಲಿ ಬಿಸಿ ಅನ್ನುವುದು
ಅವಳಿಗೆ ಇದೊಂದೇ.

"ಕುಡೀತೀರಾ ಅಜ್ಜಿ?" ಎಂದಳು ಎಳೆಯ ಡಾಕ್ಟರು,
ಪರದೆಯ ಮೇಲೆ ಬೆಳ್ಳಗೆ ಮಂಜು ಕವಿದ ಯಕೃತ್ತು ತೋರಿಸಿ.
"ಗಂಡ ಕುಡಿದದ್ದು ಸಾಲದೆ?"
ಡಾಕ್ಟರು ನಗಲಿಲ್ಲ.
ಚೀಟಿಯ ಬೆನ್ನಿಗೆ ಎರಡು ಗಡಿಯಾರ ಬರೆದಳು.

ಒಂದು ತಲೆಯಲ್ಲಿ, ಕಣ್ಣಿನ ಹಿಂದೆ.
ಅದಕ್ಕೆ ಕೀಲಿ ಕೊಡುವುದು ಬೆಳಕು.
ಇನ್ನೊಂದು ಇಲ್ಲಿ, ಪಕ್ಕೆಲುಬಿನ ಕತ್ತಲಲ್ಲಿ. ಅದು ಕುರುಡು.
ಮೊದಲ ತುತ್ತು ಬಿದ್ದಾಗಲೇ ಅದಕ್ಕೆ ಬೆಳಗು.
ತುತ್ತು ಬಿತ್ತೋ, ಕದ ತೆರೆದು
ಬಂದ ಸಕ್ಕರೆ ಕಟ್ಟಿಡುತ್ತದೆ, ಪಿತ್ತ ಇಳಿಸುತ್ತದೆ.
ತುತ್ತು ನಿಂತಿತೋ, ಕದ ಹಾಕಿ
ಕಟ್ಟಿಟ್ಟ ಗಂಟು ಬಿಚ್ಚಿ
ಚಿಟಿಕೆ ಚಿಟಿಕೆಯಾಗಿ ನೆತ್ತರಿಗೆ ಬಿಡುತ್ತದೆ.
ತಲೆ ರಾತ್ರಿ ಎನ್ನುವಾಗ ನೀವು ಅದಕ್ಕೆ
ಬೆಳಗಾಯಿತು ಏಳು ಅನ್ನುತ್ತೀರಿ, ಅಜ್ಜಿ.
ಲೆಕ್ಕ ಕೂಡದ್ದನ್ನೆಲ್ಲ ಅದು
ಕೊಬ್ಬು ಮಾಡಿ ಮೂಲೆಗೆ ಒಟ್ಟುತ್ತಿದೆ.
ಎಂಟಕ್ಕೆ ಉಂಡು ಹೋಗಿ. ಆಮೇಲೆ ಬೆಳಗಿನ ಏಳಕ್ಕೇ.

ಇಷ್ಟರಲ್ಲಿ ಕುತ್‌ಸುನ್ ಹಿಡಿದುಕೊಂಡದ್ದು ಒಂದೇ ಮಾತು: ಗಾನ್.
ಅವಳ ನುಡಿಯಲ್ಲಿ ಯಕೃತ್ತಿಗೂ ಅದೇ, ಉಪ್ಪಿನ ಹದಕ್ಕೂ ಅದೇ.
ನನ್ನಲ್ಲೂ ಇದೆ ಅಂಥದೊಂದು, ಹೊತ್ತು.
ಗಡಿಯಾರಕ್ಕೂ ಅದೇ, ಗಂಗಾಳಕ್ಕೂ ಅದೇ.
ಅವಳಿಗೆ ಹೇಳುವವರು ಯಾರು?

ಹುಣ್ಣಿಮೆಗೆ ದೋಣಿ ಹೊರಡುವುದಿಲ್ಲ.
ಕಡಲಿಗೆ ಕಡಲೇ ಬೆಳಗಿರುವಾಗ
ದೋಣಿಯ ದೀಪಕ್ಕೆ ಯಾವ ಮೀನು ಮರುಳಾದೀತು?
ಐದು ರಾತ್ರಿ ಕಟ್ಟೆ ಖಾಲಿ.
ಕುತ್‌ಸುನ್ ಹತ್ತಕ್ಕೇ ಮಲಗುತ್ತಾಳೆ.
ಎರಡಕ್ಕೆ ಸರಿಯಾಗಿ
ಒಳಗೆ ಯಾರೋ ಡಬ್ಬಿ ಬೋರಲು ಹಾಕಿಕೊಂಡು ಕೂರುತ್ತಾರೆ.

ಮಲಗೋ, ಇವತ್ತು ಕೆಲಸವಿಲ್ಲ, ಅನ್ನುತ್ತಾಳೆ.
ನಂಬುವುದಿಲ್ಲ ಅದು.
ಮೂವತ್ತೊಂದು ವರ್ಷ ಒಂದು ಪಾಳಿಯೂ ತಪ್ಪಿಸದ ಆಳು.
ಜವೆಯ ನೀರು ಕಾಸಿ ಕುಡಿದು
ಕಿಟಕಿಯಲ್ಲಿ ನಿಲ್ಲುತ್ತಾಳೆ. ಬಂದರಿನ ತುಂಬ ಬೆಳುದಿಂಗಳು,
ಕಟ್ಟಿದ ದೋಣಿಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು.
ಮೂರನೆಯ ರಾತ್ರಿ ಅದು ಅರೆಬರೆ ಎದ್ದು ಮಗ್ಗುಲು ಬದಲಿಸಿತು.
ಐದನೆಯ ಬೆಳಗ್ಗೆ ಏಳಕ್ಕೆ
ಕಡಲಪಾಚಿಯ ಸಾರಿನ ಬಟ್ಟಲೊಳಗೆ ಬಿಸಿಲು ಬಿದ್ದಿತ್ತು.
ಕಣ್ಣಿಗೂ ಗಾನಿಗೂ
ಒಂದೇ ಸುದ್ದಿ ಒಟ್ಟಿಗೆ ತಲುಪಿದ್ದು
ಅವಳಿಗೆ ನೆನಪಿರುವಂತೆ ಅದೇ ಮೊದಲು.

ಅಂದೇ ಸಂಜೆ ದೋಣಿಗಳು ಹೊರಟವು.

ಮತ್ತೆ ಎರಡು ಗಂಟೆ. ಅದೇ ಏಳು ಡಬ್ಬಿ.
ಕುತ್‌ಸುನ್ ಎದುರು ಬರೀ ಜವೆಯ ನೀರು.
ಯಾಕೆ, ಏನು, ಯಾರು ಹೇಳಿದರು,
ಡಾಕ್ಟರಿಗೆ ರಾತ್ರಿ ಪಾಳಿ ಇಲ್ಲವೆ?
ಎಲ್ಲರ ಮಾತೂ ಮುಗಿಯಲೆಂದು ಕಾದಿದ್ದ ಬೊಂಗ್‌ನಾಮ್
ಚಮಚೆಯಲ್ಲಿ ಕೆಂಪು ಸಾರು ಎತ್ತಿ ಹಿಡಿದಳು:

"ಗಾನ್ ನೋಡು."

ಉಪ್ಪು ಸರಿಯಿದೆಯಾ ನೋಡು ಅಂತ, ಅಷ್ಟೇ.

ಹಬೆ ಮುಖಕ್ಕೆ ಬಡಿಯಿತು.
ನಾಲಿಗೆಯ ತುದಿಗೆ ಒಂದು ಹನಿ.
ಒಳಗೆ, ಕತ್ತಲಲ್ಲಿ,
ಅಗುಳಿಯ ಮೇಲೆ ಕೈಯಿಟ್ಟು
ಕಾಯುತ್ತಿದೆ ಅದು.